ಚೆಕಿಂಗ್ ಇನ್‌ಸ್ಪೆಕ್ಟರಿಗೆ ಊರು ತೋರಿಸಿದ್ದು

ಕಾರ್ಕ್ ಎಂಬ ಈ ವಿದೇಶಿ ಊರಿಗೆ ಬಂದವರು ನೋಡಲೇಬೇಕಾದ ಜಾಗಗಳು ಯಾವುವು ಅಂತ ನನ್ನನ್ನು ಕೇಳಿ. ಎಂಟು ವರ್ಷ ಇದೇ ಊರಿನಲ್ಲಿದ್ದೂ ಅವುಗಳಲ್ಲಿ ಒಂದಕ್ಕೂ ನಾನು ಕಾಲಿಟ್ಟಿರಲಿಲ್ಲ. ತಮ್ಮೂರಿನ ಮ್ಯೂಸಿಯಂ ಯಾರು ನೋಡುತ್ತಾರೆ? ನಾನು ಮೈಸೂರಿನವಳು. ಅರಮನೆಯೊಳಗೆ ಹೋಗಿದ್ದು ಒಂದೇ ಸಲ, ಅದೂ ಶಾಲೆಯವರು ಸಾಲಾಗಿ ನಿಲ್ಲಿಸಿ ಎಳೆದುಕೊಂಡು ಹೋದಾಗ. ಆದರೆ ಹೋದ ವರ್ಷ ಅಪ್ಪ ಬಂದಾಗ ಎರಡೇ ವಾರದಲ್ಲಿ ಕಾರ್ಕನ್ನು ಜಾಲಾಡಿಬಿಟ್ಟೆ. ಪ್ರವಾಸದ ಹುಚ್ಚು ಹಿಡಿದಿತ್ತು ಅಂತಲ್ಲ. ನನ್ನ ಕೆಲಸ ಹೋಗಿತ್ತು, ಅದನ್ನು ಅಪ್ಪನಿಗೆ ಹೇಳಿರಲಿಲ್ಲ.

ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದೆ. ಅಪ್ಪ ಬರುವುದಕ್ಕೆ ಒಂದೂವರೆ ತಿಂಗಳ ಮುಂಚೆ ನನ್ನನ್ನು ಮೀಟಿಂಗ್ ರೂಮಿಗೆ ಕರೆದು, ಚಹಾ ಕೊಟ್ಟು, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳಿ, ಬಹಳ ಮರ್ಯಾದೆಯಿಂದ ಮನೆಗೆ ಕಳಿಸಿದರು. 'ಯೂ ವಿಲ್ ಬಿ ಗ್ರ್ಯಾಂಡ್' ಅಂದರು, ಅಂದರೆ ಏನೂ ಆಗಲ್ಲ, ಚೆನ್ನಾಗಿರುತ್ತೀಯ ಅಂತ. ಈ ದೇಶದಲ್ಲಿ ಕಾಲು ಮುರಿದರೂ ಗ್ರ್ಯಾಂಡ್, ಮಾಡು ಸೋರಿದರೂ ಗ್ರ್ಯಾಂಡ್. ನನ್ನದೂ ಗ್ರ್ಯಾಂಡ್ ಆಯಿತು.

ವಿಮಾನ ನಿಲ್ದಾಣದಿಂದ ಬಂದ ದಿನವೇ ಹೇಳಿಬಿಡಬೇಕು ಅಂತ ಗಂಡನ ಹತ್ತಿರ ಶಪಥ ಮಾಡಿದ್ದೆ. ಅಪ್ಪ ಕೈಕಾಲು ತೊಳೆದು ಕಾಫಿ ಕುಡಿದು ಸೂಟ್‌ಕೇಸ್ ತೆರೆದರು. ಹುಳಿಪುಡಿ, ಚಟ್ನಿಪುಡಿ, ಮೈಸೂರು ಪಾಕ್. ಅದರ ಕೆಳಗೆ ಒಂದು ಜರಿ ಪೇಟ, ಒಂದು ಗಂಧದ ಹಾರ, ಮಡಿಸಿಟ್ಟ ಶಾಲು.

"ಇದೇನಪ್ಪಾ?" ಅಂದೆ.

"ನಿಮ್ಮ ಸಾಹೇಬ್ರಿಗೆ. ಆಫೀಸ್ ಗೇಟ್ ಹತ್ರ ಒಂದು ಸಣ್ಣ ಸನ್ಮಾನ ಮಾಡಿ, ಒಂದು ಫೋಟೋ ತೆಗೆಸ್ಕೊಂಡ್ರೆ ಆಯ್ತು. ಪಾರ್ಕಿನೋರಿಗೆಲ್ಲ ಹೇಳಿ ಬಂದಿದ್ದೀನಿ."

ಪಾರ್ಕಿನೋರು ಅಂದರೆ ದಿನಾ ಬೆಳಿಗ್ಗೆ ಅಪ್ಪನ ಜೊತೆ ವಾಕಿಂಗ್ ಮಾಡುವ ನಿವೃತ್ತರ ಸಂಘ. ಮಕ್ಕಳ ಆಫೀಸಿನ ಬೋರ್ಡಿನ ಕೆಳಗೆ ನಿಂತ ಫೋಟೋ ಇಲ್ಲದೆ ಆ ಸಂಘದಲ್ಲಿ ಯಾರೂ ವಿದೇಶಯಾತ್ರೆಯನ್ನು ಒಪ್ಪುವುದಿಲ್ಲ. ನನ್ನ ಶಪಥ ಅಲ್ಲೇ ಒಣಗಿತು.

"ಅಲ್ಲಿ ಹೊರಗಿನೋರನ್ನ ಬಿಡಲ್ಲಪ್ಪಾ. ಆಮೇಲೆ ನೋಡೋಣ. ನಿಮಗೋಸ್ಕರ ಎರಡು ವಾರ ರಜೆ ಹಾಕಿದ್ದೀನಿ, ಮೊದಲು ಊರು ನೋಡಿ."

"ಎರಡು ವಾರ ರಜೆ ಕೊಟ್ಟಿದ್ದಾರಾ?" ಅಪ್ಪ ಪೇಟದ ಧೂಳು ಕೊಡವಿದರು. "ದೇವರಂಥೋರು. ಇವರಿಗೆ ಸನ್ಮಾನ ಮಾಡಲೇಬೇಕು."

ಅಪ್ಪನ ವಿಷಯ ಹೇಳಬೇಕು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿ, ಚೆಕಿಂಗ್ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ನಡುದಾರಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಟಿಕೆಟ್ ಕೇಳುವುದೇ ಅವರ ಜೀವಮಾನದ ಕೆಲಸ. ಅಂಥವರ ಕಣ್ಣಿಗೆ ಮಣ್ಣೆರಚಲು ನಾನು ಒಂದು ಬಂದರು ಪಟ್ಟಣದ ಇಡೀ ಚರಿತ್ರೆಯನ್ನು ಕೆಲಸಕ್ಕೆ ಹಚ್ಚಿದೆ.

ಮೊದಲು ಗಂಟೆ ಗೋಪುರ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಹಗ್ಗ ಎಳೆದು ಊರಿಗೆಲ್ಲ ಕೇಳುವಂತೆ ಗಂಟೆ ಬಾರಿಸಬಹುದು. ಕೆಳಗಿನ ಬೀದಿಯವರ ಗತಿ ದೇವರಿಗೇ ಪ್ರೀತಿ. ಗೋಪುರದ ನಾಲ್ಕು ಕಡೆಯ ಗಡಿಯಾರಗಳಿಗೆ ಒಂದಕ್ಕೊಂದು ತಾಳೆಯಿಲ್ಲ, ಅದಕ್ಕೇ ಊರಿನವರು ಅದನ್ನು ನಾಲ್ಕು ಮುಖದ ಸುಳ್ಳುಗಾರ ಅಂತ ಕರೆಯುತ್ತಾರೆ. ಇದನ್ನು ನಾನು ಅಪ್ಪನಿಗೆ ಉತ್ಸಾಹದಿಂದ ವಿವರಿಸಿದೆ. ಅಪ್ಪ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ಆಮೇಲೆ ಬೆಣ್ಣೆಯ ಮ್ಯೂಸಿಯಂ. ಒಂದು ಕಾಲಕ್ಕೆ ಇಲ್ಲಿಂದ ಹಡಗುಗಟ್ಟಲೆ ಬೆಣ್ಣೆ ಹೋಗುತ್ತಿತ್ತಂತೆ. "ಬೆಣ್ಣೆ ನೋಡೋಕೂ ಟಿಕೆಟ್ಟಾ? ದೋಸೆ ಎಲ್ಲಿ?" ಎಂದು ಅಪ್ಪ ಕೇಳಿದರು. ಮರುದಿನ ಹಳೇ ಜೈಲು. ಒಂದೊಂದು ಕೋಣೆಯಲ್ಲೂ ಮೇಣದ ಕೈದಿಗಳನ್ನು ಕೂರಿಸಿದ್ದರು. ತಪ್ಪು ಮಾಡಿ ಒಳಗಾದವರು ಹೀಗೆ ತಲೆ ತಗ್ಗಿಸಿ ಕೂತಿರುವುದನ್ನು ನೋಡಿ ನನಗೆ ಅದೇಕೋ ಚಾರಿತ್ರಿಕ ಆಸಕ್ತಿ ಕಡಿಮೆಯಾಯಿತು.

ಊರಾಚೆಯ ಕೋಟೆಯಲ್ಲಿ ಒಂದು ಕಲ್ಲಿದೆ. ತುದಿಯವರೆಗೂ ಹತ್ತಿ, ಅಂಗಾತ ಮಲಗಿ, ತಲೆ ಕೆಳಗೆ ಮಾಡಿ ಅದಕ್ಕೆ ಮುತ್ತಿಟ್ಟರೆ ಮಾತಿನ ಚಾತುರ್ಯ ಬರುತ್ತದಂತೆ. ಪ್ರಪಂಚದ ಮೂಲೆಮೂಲೆಯಿಂದ ಬಂದವರು ಸಾಲಿನಲ್ಲಿ ನಿಂತಿದ್ದರು. ಅಪ್ಪ ಎರಡು ನಿಮಿಷ ನೋಡಿದರು.

"ಎಲ್ಲರ ಎಂಜಲು! ನಾನು ಮುಟ್ಟಲ್ಲ."

"ಒರೆಸ್ತಾರಪ್ಪಾ."

"ಒರೆಸಿದ್ರೆ ಎಂಜಲು ಹೋಗುತ್ತಾ? ಬೇಕಾದ್ರೆ ನೀನು ಹೋಗು. ನಿನಗೂ ಬೇಕಾಗಿಲ್ಲ ಬಿಡು, ಬಂದಾಗಿನಿಂದ ಬಾಯಿ ಮುಚ್ಚಿಲ್ಲ."

ಬಾಯಿ ಮುಚ್ಚಿದರೆ ಸಾಹೇಬರ ಮಾತು ಬರುತ್ತಿತ್ತಲ್ಲ! ಬಸ್ಸಿನಲ್ಲಿ ಸೇತುವೆ ತೋರಿಸಿದೆ, ಚರ್ಚು ತೋರಿಸಿದೆ, ಕೊನೆಗೆ ಪೆಟ್ರೋಲ್ ಬಂಕೂ ತೋರಿಸಿದೆ. ಅಪ್ಪ ಹೂಂಗುಟ್ಟುತ್ತಿದ್ದರು. ಅವರು ಈ ಊರಿನಲ್ಲಿ ಮನಸಾರೆ ಮೆಚ್ಚಿದ್ದು ಒಂದನ್ನೇ. ಇಲ್ಲಿನವರು ಬಸ್ಸಿಳಿಯುವಾಗ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. "ನನಗೆ ಒಬ್ಬನೂ ಹೇಳಿಲ್ಲ ಕಣಮ್ಮ, ಅಷ್ಟು ವರ್ಷದಲ್ಲಿ ಒಬ್ಬನೂ," ಅಂದರು. ಈ ಸಂಗತಿ ಯಾವ ಪ್ರವಾಸಿ ಪುಸ್ತಕದಲ್ಲೂ ಇಲ್ಲ.

ಹನ್ನೆರಡನೇ ದಿನ ಎಲ್ಲ ಮುಗಿದು ಕೋವ್ ಎಂಬ ಪಕ್ಕದೂರೊಂದೇ ಉಳಿದಿತ್ತು. ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಹಿಂದೆ ಹೊಟ್ಟೆಗಿಲ್ಲದೆ ದೇಶ ಬಿಟ್ಟವರೆಲ್ಲ ಹಡಗು ಹತ್ತಿದ ಬಂದರು. ಅಪ್ಪ ಎಂದಿನಂತೆ ಕೈಚೀಲ ತಂದಿದ್ದರು, ಅದರಲ್ಲಿ ಪೇಟ, ಹಾರ, ಶಾಲು. ದಾರಿಯಲ್ಲಿ ಸಾಹೇಬ್ರು ಸಿಕ್ಕಿಬಿಟ್ಟರೆ ಕೈಯಲ್ಲಿರಲಿ ಅಂತ. ಅಲ್ಲಿನ ಮ್ಯೂಸಿಯಂ ಮುಗಿಸಿ ನೀರಿನಂಚಿನ ಬೆಂಚಿನಲ್ಲಿ ಕೂತು ಮೊಸರನ್ನದ ಡಬ್ಬಿ ತೆರೆದೆವು. ಆಗ ನನ್ನ ದಡ್ಡತನ ನನಗೇ ಹೊಳೆಯಿತು. ಎದುರು ದಡದಲ್ಲಿ, ನೀರಿನಾಚೆ, ಕಾರ್ಖಾನೆಗಳು ಸಾಲಾಗಿ ನಿಂತಿದ್ದವು. ನನ್ನದೂ ಅಲ್ಲೇ ಇತ್ತು. ಹಿಂದೆ ಊಟದ ಹೊತ್ತಿನಲ್ಲಿ ಆ ಕಡೆಯಿಂದ ಈ ಬೆಂಚುಗಳ ಕಡೆ ಎಷ್ಟೋ ಸಲ ನೋಡಿದ್ದೆ.

"ಅದೇನಮ್ಮ, ಆ ದೊಡ್ಡ ಬಿಲ್ಡಿಂಗುಗಳು?"

"ಅಪ್ಪಾ, ಈ ಕಡೆ ನೋಡಿ, ಚರ್ಚು! ಅದನ್ನ ಕಟ್ಟೋಕೆ ಎಷ್ಟು ವರ್ಷ ಹಿಡೀತು ಗೊತ್ತಾ..."

ಅಪ್ಪ ಚರ್ಚಿನ ಕಡೆ ನೋಡಲಿಲ್ಲ. ಚಮಚ ಡಬ್ಬಿಯಲ್ಲಿಟ್ಟರು.

"ಚೆಕಿಂಗಿಗೆ ಹತ್ತಿದಾಗ ನಾನು ಟಿಕೆಟ್ ನೋಡ್ತಾ ಇರಲಿಲ್ಲ ಕಣಮ್ಮ, ಮುಖ ನೋಡ್ತಿದ್ದೆ. ಟಿಕೆಟ್ ಇರೋರು ತೂಕಡಿಸ್ತಿರ್ತಾರೆ. ಇಲ್ಲದೋರು ಮಾತ್ರ ಕಿಟಕಿಯಾಚೆ ತೋರಿಸಿ, ಅದು ನೋಡಿ ಇದು ನೋಡಿ ಅಂತಿರ್ತಾರೆ."

ನಾಚಿಕೆಯಿಂದ ಸತ್ತು ಹೋದರೆ ಸಾಕು ಅನಿಸಿತು.

"ಯಾವಾಗ ಗೊತ್ತಾಯ್ತಪ್ಪಾ?"

"ಎರಡನೇ ದಿನ. ರಜೇಲಿರೋರಿಗೆ ಆಫೀಸಿಂದ ಒಂದು ಫೋನೂ ಬರಲ್ಲ ಅಂದ್ರೆ?"

"ಮತ್ತೆ ಯಾಕೆ ಸುಮ್ನಿದ್ರಿ? ಆ ಮಂಡಿನೋವಲ್ಲಿ ಎಲ್ಲಾ ಹತ್ತಿದ್ರಲ್ಲಾ!"

"ಹತ್ತಿದ ತಕ್ಷಣ ಹಿಡೀಬಾರದು ಕಣಮ್ಮ. ಗೊತ್ತಾದ್ರೂ ಮುಂದಿನ ಸ್ಟಾಪ್‌ವರೆಗೂ ಬಿಡಬೇಕು. ತಾವಾಗೇ ಎದ್ದು ಹೋಗಿ ಟಿಕೆಟ್ ತಗೊಂಡ್ರೆ ಅವರ ಮರ್ಯಾದೆ ಉಳಿಯುತ್ತೆ. ಗಂಟೆ ಹತ್ರ ಹೇಳ್ತೀಯ ಅಂತ ಕಾದೆ. ಜೈಲಲ್ಲಿ ಕಾದೆ. ಆ ಎಂಜಲು ಕಲ್ಲಿನವರೆಗೂ ಹತ್ತಿದೆ. ನೀನು ಏಳಲೇ ಇಲ್ಲ."

ನಾನು ಅಳುತ್ತಿದ್ದೆ. ಪಕ್ಕದ ಬೆಂಚಿನ ಹೆಂಗಸು ಆರ್ ಯೂ ಗ್ರ್ಯಾಂಡ್ ಅಂತ ಕೇಳಿದಳು. ಅಪ್ಪ ನನ್ನ ಪರವಾಗಿ "ಗ್ರ್ಯಾಂಡ್, ಗ್ರ್ಯಾಂಡ್" ಅಂದು ಕೈಚೀಲಕ್ಕೆ ಕೈಹಾಕಿದರು. ಶಾಲು ತೆಗೆದು, ಮಡಿಕೆ ಬಿಡಿಸಿ, ನನ್ನ ಹೆಗಲಿಗೆ ಹೊದಿಸಿದರು.

"ಸನ್ಮಾನ ಅಂತ ತಿಳ್ಕೋಬೇಡ. ಗಾಳಿ ಜಾಸ್ತಿ ಇದೆ."

ವಾಪಸು ಬರುವಾಗ ರೈಲು ಬಂದರಿನ ನೀರಿನ ಪಕ್ಕದಲ್ಲೇ ಬರುತ್ತದೆ. ಆ ನೋಟವನ್ನು ತಪ್ಪಿಸಿಕೊಳ್ಳಬಾರದು ಅಂತ ಎಲ್ಲ ಕಡೆ ಬರೆದಿದ್ದಾರೆ. ನಾನು ಒಂದು ಸಲವೂ ಕಿಟಕಿಯಾಚೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿ ಕೂತು, ಬಿಸ್ಕತ್ತಿನ ತಟ್ಟೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ.