ರಾಗಿಣಿ ಮೇಡಂ ಹೇಳುವ ಕೊನೆಯ ಎಚ್ಚರಿಕೆ

ರಾಜಾಜಿನಗರದ ಟ್ರಾವೆಲ್ ಆಫೀಸಿನ ರಾಗಿಣಿ ಮೇಡಂ, ಕಾಂಗೋಗೆ ಹೊರಟ ಯಾರನ್ನೂ ಬುದ್ಧಿ ಹೇಳದೆ ಕಳಿಸಿದವರಲ್ಲ. ನೀರು ಕುದಿಸಿಯೇ ಕುಡೀಬೇಕು, ಸೊಳ್ಳೆ ಪರದೆಯಿಲ್ಲದೆ ಮಲಗಬಾರದು, ಹಳದಿ ಜ್ವರದ ಲಸಿಕೆ ಕಾರ್ಡು ಪಾಸ್‌ಪೋರ್ಟಿನ ಜೊತೆಗೇ ಇರಬೇಕು ಎಂದು ಬೆರಳು ಮಡಿಸುತ್ತಾ ಹೇಳಿ, ಮತ್ತೆ ಅವರ ಬಾಯಿಂದಲೇ ಒಪ್ಪಿಸಿಕೊಳ್ಳುತ್ತಿದ್ದರು. ತಪ್ಪಿದರೆ ಟಿಕೆಟ್ ಕೈಗೆ ಬರುತ್ತಿರಲಿಲ್ಲ. ಲಗ್ಗೆರೆಯ ವೆಲ್ಡರ್ ರುದ್ರೇಶ ಎಲ್ಲವನ್ನೂ ಸರಿಯಾಗಿ ಒಪ್ಪಿಸಿದ. ಆಗ ಮೇಡಂ ದನಿ ತಗ್ಗಿಸಿ, "ಹೊರಗಿಂದ ಯಾರಾದ್ರೂ ಕನ್ನಡದಲ್ಲಿ ಹೆಸರು ಹಿಡಿದು ಕರೆದ್ರೆ ಬಾಗಿಲು ತೆಗೀಬೇಡಿ" ಅಂದರು. "ನಮ್ಮೋರೇ ಆಗಿದ್ರೆ, ಮೇಡಂ?" ಎಂದು ರುದ್ರೇಶ ನಕ್ಕ. ಮೇಡಂ ನಗಲಿಲ್ಲ. "ನಮ್ಮ ಯಜಮಾನ್ರು ಅಲ್ಲಿಂದ ಫೋನಲ್ಲಿ ನನ್ನ ಹತ್ರ ಮಾತಾಡ್ತಾ ಇದ್ರು. ಹೊರಗೆ ಯಾರೋ ಕರೀತಿದಾರೆ ಅಂತ ಬಾಗಿಲು ತೆಗೆಯೋಕೆ ಹೋದವರು ಮತ್ತೆ ಸಿಗಲೇ ಇಲ್ಲ. ಆ ಕರೆ ನನಗೂ ಕೇಳಿಸ್ತು, ರುದ್ರೇಶ್. ಅದು ನನ್ನದೇ ದನಿ."