ಹಾಲು ಕರೆಯುವ ಹೊತ್ತಿಗೆ ಇರದ ಗಂಗಕ್ಕ

ಗಂಗಾಶ್ರೀಯ ಬಗ್ಗೆ ಬರೆಯಲು ನನಗಿಂತ ಅಯೋಗ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ. ಎರಡು ವರ್ಷ ಅವಳ ಎದುರು ಕುರ್ಚಿಯಲ್ಲಿ ಕೂತು ಹೊಟ್ಟೆ ಉರಿದುಕೊಂಡವನು ನಾನು. ಆದರೆ ಹೊಟ್ಟೆಕಿಚ್ಚಿನವನಷ್ಟು ಗಮನವಿಟ್ಟು ಇನ್ನೊಬ್ಬರನ್ನು ಯಾರೂ ನೋಡುವುದಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಶಿಕಾರಿಪುರದಲ್ಲಿ ಹಾಲು ಕರೆಯುವ ಯಂತ್ರ ಮಾರುವ ಅಂಗಡಿ. ಮಾಲೀಕರು ಚಂದ್ರಶೇಖರಪ್ಪ. ಮಾರುವವರು ಇಬ್ಬರು. ಸೊರಬದ ಕಡೆಯ ಉಳವಿಯಿಂದ ದಿನಾ ಬೈಕಿನಲ್ಲಿ ಬರುವ ಚೌಡೇಶ, ಅಂದರೆ ನಾನು. ಶಿರಾಳಕೊಪ್ಪದಿಂದ ಬಸ್ಸಿನಲ್ಲಿ ಬರುವ ಗಂಗಾಶ್ರೀ, ಎಲ್ಲರ ಬಾಯಲ್ಲಿ ಗಂಗಕ್ಕ. ಅವಳಿಗೆ ಮೂವತ್ತೆರಡು ವರ್ಷ, ಒಂದನೇ ಕ್ಲಾಸಿನ ಮಗಳು, ಮೆಕ್ಕೆಜೋಳದ ವ್ಯಾಪಾರದ ಗಂಡ ಗುರುಪ್ರಕಾಶ್. ನನಗೆ ಇಪ್ಪತ್ತಾರು. ಸಂಸಾರವೆಂದರೆ ಅಮ್ಮ ಮತ್ತು ಬೈಕು. ಬೈಕಿನ ಸೇವೆ ನಾನು ಮಾಡುತ್ತೇನೆ, ನನ್ನ ಸೇವೆ ಅಮ್ಮ ಮಾಡುತ್ತಾಳೆ.

ಈ ಯಂತ್ರವನ್ನು ಅಂಗಡಿಯಲ್ಲಿ ತೋರಿಸಿದರೆ ಯಾರೂ ನಂಬುವುದಿಲ್ಲ. ಕೊಟ್ಟಿಗೆಗೇ ಹೋಗಿ ಹಸುವಿನ ಕೆಚ್ಚಲಿಗೆ ಹಾಕಿ ತೋರಿಸಬೇಕು. ಹಸು ಹಾಲು ಕೊಡುವುದು ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಮಗಳಿಗೆ ಜಡೆ ಹಾಕುವುದು, ಹೋಂವರ್ಕ್ ಮಾಡಿಸುವುದು ಕೂಡ ಅದೇ ಹೊತ್ತಿಗೆ. ಹಾಗಾಗಿ ಡೆಮೊಗಳೆಲ್ಲ ನನ್ನವು. ಅದು ನನ್ನ ಸಾಮರ್ಥ್ಯ ಎಂದು ತಿಳಿದಿದ್ದೆ.

"ಗಂಗಕ್ಕಂಗೆ ಐದೂವರೆ ಬಸ್ಸೇ ದೇವ್ರು," ಎಂದು ಗಿರಾಕಿಗಳ ಮುಂದೆ ಹಂಗಿಸುತ್ತಿದ್ದೆ.

ಅವಳು ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತ, "ನಿಂಗೇನಪ್ಪ, ಮನಿಗೆ ಹೋದ್ರೆ ತಟ್ಟೆ ಕಾಯ್ತಿರ್ತತಿ. ನಂಗೆ ಹಿಟ್ಟು ಕಾಯ್ತಿರ್ತತಿ," ಎನ್ನುತ್ತಿದ್ದಳು.

ಆದರೂ ಹೆಚ್ಚು ಯಂತ್ರ ಮಾರುತ್ತಿದ್ದವಳು ಅವಳೇ. ಅದರ ಗುಟ್ಟು ಹಿಡಿಯಲೆಂದು ಒಂದು ಮಧ್ಯಾಹ್ನ ಈಸೂರಿಗೆ ಅವಳ ಜೊತೆ ಹೋದೆ. ಜಗಲಿಯಲ್ಲಿ ಕೂತ ಯಜಮಾನ ವೀರಬಸಪ್ಪನವರಿಗೆ ನಾನು ಮೋಟಾರು, ಗ್ಯಾರಂಟಿ, ಸಬ್ಸಿಡಿ ಎಲ್ಲ ವಿವರಿಸಿದೆ. ಅವರು ಎಲೆಯಡಿಕೆ ಮೆಲ್ಲುತ್ತ, "ನೋಡಣ ಬಿಡ್ರಿ," ಎಂದರು. ನೀರು ಕೇಳುವ ನೆಪದಲ್ಲಿ ಒಳಗೆ ಹೋದ ಗಂಗಕ್ಕ ಅರ್ಧ ಗಂಟೆ ಬರಲಿಲ್ಲ. ಬಂದಾಗ ಹಿಂದೆಯೇ ಮನೆಯಾಕೆಯೂ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ರೀ, ತಗೊಳ್ಳಾದೇ. ನಾಳಿಂದ ನೀವೇ ಕರೀತೀರಿ ಅಂದ್ರೆ ಬ್ಯಾಡ."

ವೀರಬಸಪ್ಪನವರು ಎದ್ದು ನಿಂತರು. ಯಂತ್ರ ಮಾರಾಟವಾಯಿತು.

"ಒಳಗೆ ಏನ್ ಹೇಳಿದ್ರಿ?" ಎಂದು ದಾರಿಯಲ್ಲಿ ಕೇಳಿದೆ.

"ಏನೂ ಹೇಳ್ಲಿಲ್ಲ. ಕೈ ತೋರ್ಸ್ರಿ ಅಂದೆ. ಬೆರಳು ಮಡಚಾಕೇ ಬರ್ತಿರ್ಲಿಲ್ಲ ಆಯಮ್ಮಂಗೆ."

ಅವತ್ತಿನಿಂದ ನನಗೆ ಅವಳಿಗಿಂತ ಆ ಒಳಬಾಗಿಲಿನ ಮೇಲೆ ಹೊಟ್ಟೆಕಿಚ್ಚು. ನಾನು ಅದನ್ನು ದಾಟಿದ್ದರೆ ಬೆನ್ನ ಮೇಲೆ ಪೊರಕೆ ಬೀಳುತ್ತಿತ್ತು.

ಈ ವರ್ಷ ಮಾಲೀಕರು ಸೊರಬದಲ್ಲಿ ಇನ್ನೊಂದು ಅಂಗಡಿ ತೆರೆದರು. ಅದನ್ನು ನಡೆಸಲು ಒಬ್ಬರು ಬೇಕಾಗಿತ್ತು. ಸೊರಬ ನನಗೆ ಹತ್ತಿರ; ದಿನಾ ಬೈಕಿನ ಮೇಲೆ ಸೊಂಟ ಮುರಿದುಕೊಳ್ಳುವುದು ತಪ್ಪುತ್ತಿತ್ತು. ಅವಳಿಗೂ ಅದು ಬೇಕಿತ್ತು. "ಎಂಟು ವರ್ಷ ಬ್ಯಾರೇರ ಅಂಗಡಿ ಬಾಗ್ಲು ತೆಗ್ಯಾದು ಕಾದೀನಿ ತಮ್ಮ. ಒಂದ್ಸಲ ಬೀಗದ ಕೈ ನನ್ನ ಬ್ಯಾಗಲ್ಲಿರ್ಲಿ," ಎಂದಿದ್ದಳು.

ಮಾಲೀಕರು ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡರು.

"ಗಂಗಮ್ಮ, ಅಲ್ಲಿ ಸಂಜೆ ಡೆಮೊನೂ ಇರ್ತತಿ. ಮಗಳನ್ನ ಯಾರು ನೋಡ್ಕೊಂತಾರೆ?"

ನಾನು ತಲೆ ತಗ್ಗಿಸಿ ಮೊಬೈಲು ನೋಡುವವನಂತೆ ನಟಿಸಿದೆ. ಹಿಂದಿನ ದಿನ ಆ ಪ್ರಶ್ನೆಯನ್ನು ಅವರ ಕಿವಿಗೆ ಹಾಕಿದ್ದವನು ನಾನೇ.

"ಅವರಪ್ಪ ನೋಡ್ಕೊಂತಾರೆ ಸಾರ್. ಮಾತಾಡೀವಿ. ಜಡೆ ಇನ್ನೂ ಸೊಟ್ಟ ಹಾಕ್ತಾರೆ, ಕಲೀತಾರೆ." ಅವಳು ನನ್ನತ್ತ ತಿರುಗಿದಳು. "ಚೌಡೇಶನ್ನ ಯಾರು ನೋಡ್ಕೊಂತಾರೆ ಅಂತ ಕೇಳ್ಲೇ ಇಲ್ಲ ನೀವು."

ಚಂದ್ರಶೇಖರಪ್ಪನವರಿಗೆ ನಗು ಬಂತು. "ಹೌದಲ್ಲ. ಹೇಳಪ್ಪ, ನಿನ್ನನ್ಯಾರು ನೋಡ್ಕೊಂತಾರೆ?"

"ಅಮ್ಮ ಸಾರ್," ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. "ನಾಲ್ಕೂವರೆಗೇ ಎದ್ದು ಕೊಟ್ಟಿಗೆ ಗುಡಿಸಿ, ನಾಲ್ಕು ಹಸು ಕರೆದು, ರೊಟ್ಟಿ ಸುಟ್ಟು ಬುತ್ತಿ ಕಟ್ತಾಳೆ. ನಾನು ಒಂದಿನ ಲೇಟಾಗಿದ್ದಿಲ್ಲ!"

"ಭಾರಿ ಚುರುಕು ಬಿಡು ನಿಮ್ಮಮ್ಮ. ಯಂತ್ರ ಯಾವುದು, ನಮ್ಮ ಸಣ್ಣದಾ?"

"ಇಲ್ಲ ಸಾರ್... ಕೈಯಲ್ಲೇ."

ಮಾಲೀಕರು ಕನ್ನಡಕ ತೆಗೆದರು. "ಎರಡು ವರ್ಷ ಊರಿಗೆಲ್ಲ ಮಾರ್ತೀಯಲ್ಲೋ ಮಾರಾಯ!"

"ಅಮ್ಮ ಕೇಳ್ಲೇ ಇಲ್ಲ ಸಾರ್."

ಗಂಗಕ್ಕ ನಗಲಿಲ್ಲ. ನಕ್ಕಿದ್ದರೆ ಅವಳನ್ನು ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. "ತಾಯಿ ಕೈ ನೋಡದವ್ನು ಗಿರಾಕಿ ಕೈ ಏನ್ ನೋಡ್ತಾನೆ," ಎಂದು ಮಾಲೀಕರೇ ಗೊಣಗಿಕೊಂಡು ಬೀಗದ ಕೈಯನ್ನು ಅವಳ ಮುಂದಿಟ್ಟರು.

ಆಮೇಲಿನ ದಿನಗಳಲ್ಲಿ ನನಗೆ ಗಂಗಕ್ಕನ ಗಂಡ ಗುರುಪ್ರಕಾಶನ ಮೇಲೂ ಉರಿ ಶುರುವಾಯಿತು. ಮಗಳಿಗೆ ಎರಡು ಸೊಟ್ಟ ಜಡೆ ಹಾಕಿದ್ದಕ್ಕೆ ಶಿರಾಳಕೊಪ್ಪದಲ್ಲಿ ಅವನ ಕೀರ್ತಿಯೇ ಕೀರ್ತಿ: "ಎಂಥಾ ಗಂಡ ಸಿಕ್ಕಾನೆ ನೋಡ್ರಿ!" ಇಷ್ಟು ವರ್ಷ ನೆಟ್ಟಗೆ ಜಡೆ ಹಾಕಿದವಳನ್ನು ಒಬ್ಬರೂ ಹೊಗಳಿರಲಿಲ್ಲ. ಅದು ಅನ್ಯಾಯ ಎಂದು ನನಗೆ ಹೊಳೆದದ್ದು ಕೂಡ ನ್ಯಾಯದ ಮೇಲಿನ ಪ್ರೀತಿಯಿಂದಲ್ಲ, ಹೊಗಳಿಕೆ ನನ್ನ ಪಾಲಿಗೆ ಬರಲಿಲ್ಲವೆಂದು.

ಹದಿನೈದು ದಿನ ಕಳೆದಿರಬೇಕು. ಡೆಮೊ ಇಲ್ಲದ ಒಂದು ಸಂಜೆ ಬೇಗ ಮನೆಗೆ ಬಂದೆ. ನಮ್ಮ ಕೊಟ್ಟಿಗೆಯಿಂದ ಪಂಪಿನ ಸದ್ದು ಕೇಳಿಸಿತು. ಒಳಗೆ ಅಮ್ಮ, ಪಕ್ಕದಲ್ಲಿ ಗಂಗಕ್ಕ. ಸೊರಬದ ಅಂಗಡಿಯ ಮೊದಲ ಬಿಲ್ಲು ನನ್ನಮ್ಮ ಮೂಕಮ್ಮನ ಹೆಸರಿನಲ್ಲಾಗಿತ್ತು.

"ನಂಗೆ ಹೇಳ್ಬೋದಿತ್ತಲ್ಲ?" ಎಂದು ಅಮ್ಮನನ್ನು ಕೇಳಿದೆ.

"ಎಂತ ಹೇಳೂದು ಮಾರಾಯ? ದಿನಾ ನಿನ್ನ ಕಣ್ಣೆದುರಿಗೇ ಕರೀತಿದ್ನಲ್ಲ."

"ತಮ್ಮ, ಸ್ವಲ್ಪ ಹಸು ಹಿಡ್ಕೋ. ಹೊಸ ಸದ್ದಿಗೆ ಬೆದರ್ತತಿ," ಎಂದಳು ಗಂಗಕ್ಕ.

ಹಗ್ಗ ಹಿಡಿದೆ. ಹಸು ಬೆದರಿದ್ದು ಸದ್ದಿಗಲ್ಲ, ನನಗೆ. ಹುಟ್ಟಿದಂದಿನಿಂದ ನಮ್ಮ ಮನೆಯಲ್ಲೇ ಬೆಳೆದ ಹಸುವಿಗೆ ನನ್ನ ಗುರುತಿರಲಿಲ್ಲ. ಮೊಣಕಾಲಿಗೆ ಒಂದು ಒದೆ ಬಿತ್ತು. ಅಮ್ಮ ಬಂದು ಅದರ ಕುತ್ತಿಗೆಯ ಕೆಳಗಿನ ಗಂಗೆದೊಗಲು ಸವರಿದ್ದೇ ತಡ, ಸುಮ್ಮನೆ ನಿಂತಿತು.

ನಾಲ್ಕೂ ಹಸು ಮುಗಿದವು. ಅಮ್ಮ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತು, ಆಮೇಲೆ ಗಂಗಕ್ಕನ ಜೊತೆ ಜಗಲಿಗೆ ಹೋಗಿ ಕೂತಳು. ಕೆಚ್ಚಲಿಗೆ ಹಾಕುವ ಕಪ್ಪು, ಪೈಪು, ಕ್ಯಾನು ತೊಳೆಯಲು ನನಗೆ ಉಳಿದವು. ಬಳಸಿದ ಕೂಡಲೇ ಬಿಸಿನೀರಿನಲ್ಲಿ ತೊಳೆಯದಿದ್ದರೆ ಮರುದಿನದ ಹಾಲು ಒಡೆಯುತ್ತದೆ.

"ತೊಳೆಯೋದು ಎರಡೇ ನಿಮಿಷದ ಕೆಲಸ ಅಕ್ಕ," ಎಂದು ನಾನು ಎರಡು ತಾಲ್ಲೂಕಿನ ಹೆಂಗಸರಿಗೆ ಹೇಳಿಕೊಂಡು ಬಂದಿದ್ದೆ. ಅರ್ಧ ಗಂಟೆಯಾಯಿತು. ಮೊದಲ ಪೈಪೇ ಇನ್ನೂ ಜಿಡ್ಡು ಬಿಟ್ಟಿರಲಿಲ್ಲ, ಜಗಲಿಯಲ್ಲಿ ಇಬ್ಬರೂ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು.