ನೀಲಿಯಾದ ಮೈಕು

ನಾನು ಮರೆತಿರಲಿಲ್ಲ. ಮೊಹರಂ ನಡೆಯುತ್ತಿದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು — ಗೊತ್ತಿದ್ದೇ ಅಬ್ಬಾಸನಿಗೆ ಆ ಹಾಡು ಕಳಿಸಿದೆ. ಮರೆತುಬಿಟ್ಟಿದ್ದೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ, ಎಲ್ಲರೂ ನಂಬಿದರು. ಅಬ್ಬಾಸನೂ ನಂಬಿದ. ಈಗ ನನ್ನನ್ನು ಕೊರೆಯುತ್ತಿರುವುದು ಅದೇ.

ಅಬ್ಬಾಸ ಅಲೀಪುರದವನು, ಹರಳಿನ ವ್ಯಾಪಾರಿ. ಮಂಜ ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಕೊಳ್ಳುವವನು. ನಾನು ಗೌರಿಬಿದನೂರಿನ ಕಡೆ ಗಣಿತದ ಮೇಷ್ಟ್ರು. ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಓದುವಾಗ ಮೂವರಿಗೂ ಒಂದೇ ಹುಚ್ಚು ಹಿಡಿಯಿತು — ಇಂಗ್ಲೆಂಡಿನ ಒಂದು ಹಳೇ ಪ್ರೋಗ್ರೆಸಿವ್ ರಾಕ್ ಬ್ಯಾಂಡು. ಒಂದು ಹಾಡೆಂದರೆ ಇಪ್ಪತ್ತು ನಿಮಿಷ; ಏಳು ಮಾತ್ರೆಯಲ್ಲಿ ಹೊರಟದ್ದು ಐದಕ್ಕೆ ಇಳಿದು, ಎಲ್ಲೆಲ್ಲೋ ಸುತ್ತಿ ವಾಪಸು ಬರುತ್ತದೆ. ಭಜನೆಯ ಮನೆಯಲ್ಲಿ ಹುಟ್ಟಿದ ಮಂಜ ತೊಡೆ ತಟ್ಟಿ ತಾಳ ಹಾಕುತ್ತಿದ್ದ, ನಾನು ಲೆಕ್ಕ ಇಡುತ್ತಿದ್ದೆ, ಅಬ್ಬಾಸ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಇದ್ದದ್ದು ಒಂದೇ ಟೇಪ್ ರೆಕಾರ್ಡರ್, ನನ್ನ ರೂಮಿನಲ್ಲಿ. ಹಾಗಾಗಿ ಹೊಸ ಕ್ಯಾಸೆಟ್ಟನ್ನು ಮೊದಲ ಸಲ ಮೂವರೂ ಕೂಡಿಯೇ ಕೇಳಬೇಕು, ಒಬ್ಬನೇ ಯಾರೂ ಕೇಳಬಾರದು ಎಂದು ಮಾತಾಗಿತ್ತು.

ಎಷ್ಟೋ ಕಾಲ ಸುಮ್ಮನಿದ್ದ ಬ್ಯಾಂಡು ಕೆಲವು ವರ್ಷಗಳ ಹಿಂದೆ ಹೊಸ ಆಲ್ಬಂ ತಂದಿತು. ಹಳೇ ಗಾಯಕ ಇಲ್ಲ, ಡ್ರಮ್ಮಿಗೆ ಯಾರೋ ಹೊಸಬ. ಫೋನಿಗೇ ಬಂದ ಹಾಡುಗಳನ್ನು ಬಂದ ದಿನವೇ ನಾನು ಒಬ್ಬನೇ ಕೇಳಿದೆ, ಅತ್ತ ಮಂಜನೂ ಕೇಳಿದ. ಹಳೇ ಮಾತು ನೆನಪಾಗಲಿಲ್ಲ — ಇಲ್ಲ, ನನಗೆ ನೆನಪಾಗಿತ್ತು, ಈಗಲಾದರೂ ನಿಜ ಹೇಳಬೇಕು. ನಮ್ಮ ಮೂವರ ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಹತ್ತಿತು. ಇದು ಸತ್ತ ಹೆಸರಿಗೆ ಮಾಡಿದ ತಿಥಿ ಎಂದು ನಾನು. ಇಷ್ಟು ಒಳ್ಳೆಯದನ್ನು ಅವರು ಯಾವತ್ತೂ ಮಾಡಿರಲಿಲ್ಲ ಎಂದು ಮಂಜ. ಮೇಷ್ಟ್ರಿಗೆ ವಯಸ್ಸಾಯಿತು, ಕಿವಿ ತೋರಿಸಿಕೊಳ್ಳಲಿ ಎಂದೂ ಬರೆದ. ಅಬ್ಬಾಸ ನನ್ನ ಕಡೆ ಒಂದು ಮಾತು ಹಾಕಿದ್ದರೆ ಮುಗಿಯುತ್ತಿತ್ತು. ಅವನು ಬರೆದದ್ದು ಇಷ್ಟೇ: "ನಾನಿನ್ನೂ ಕೇಳಿಲ್ಲ ಕಣ್ರೋ."

ನಾನು ನಂಬಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹಿಡಿದು ಹಿಡಿದು ನನ್ನ ಕಣ್ಣೇ ಹಾಗಾಗಿದೆ — ಸುಮ್ಮನೆ ಕೂತವನ ಮೇಲೆಯೇ ಮೊದಲ ಅನುಮಾನ. ಒಂದು ಕ್ಯಾಸೆಟ್ಟಿಗಾಗಿ ಬೆಂಗಳೂರಿನ ರೈಲು ಹತ್ತುತ್ತಿದ್ದವನು ಜೇಬಿನಲ್ಲೇ ಇರುವ ಹಾಡು ಕೇಳದೆ ಇರುತ್ತಾನೆಯೇ? ಕೇಳಿದ್ದಾನೆ, ಮಂಜನ ಪಕ್ಷ ಸೇರಿದ್ದಾನೆ, ನನ್ನೆದುರು ಹೇಳಲು ಹಿಂಜರಿಯುತ್ತಿದ್ದಾನೆ... ಅವನು ಆನ್‌ಲೈನಿನಲ್ಲಿ ಕಂಡಾಗಲೆಲ್ಲ ಮಂಜನೂ ಕಾಣುತ್ತಿದ್ದ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಅದು ನನಗೇ ಹೇಳಿದ ಮಾತು.

ಉತ್ತರ ನನ್ನ ಕಣ್ಣೆದುರೇ ಇತ್ತು. ಅಲೀಪುರದ ಶಿಯಾ ಮನೆಗಳಲ್ಲಿ ಮೊಹರಂ ಹುಟ್ಟಿದರೆ ಎರಡು ತಿಂಗಳ ಮೇಲೂ ಶೋಕ — ಮದುವೆ ಇಲ್ಲ, ಹಾಡು ಇಲ್ಲ. ಕಾಲೇಜಿನ ದಿನಗಳಲ್ಲಿ ಆ ಅವಧಿಯಲ್ಲಿ ಅವನೆದುರು ನಾವೂ ಟೇಪ್ ಹಾಕುತ್ತಿರಲಿಲ್ಲ. ನಾನು ಶಾಲೆಗೆ ಹೋಗುವ ಬಸ್ಸು ಅಲೀಪುರದ ಮೇಲೇ ಹೋಗುತ್ತದೆ. ಹಾಡು ಕಳಿಸಿದ ದಿನ ಬೆಳಿಗ್ಗೆಯೂ ಕಿಟಕಿಯಿಂದ ಕಪ್ಪು ಬಾವುಟ ಕಂಡಿದ್ದೆ, ಕಪ್ಪು ಅಂಗಿ ತೊಟ್ಟವರನ್ನು ಕಂಡಿದ್ದೆ. ಕಂಡು ನನಗೆ ಅನ್ನಿಸಿದ್ದು — ಇವನಿಗೆ ಒಳ್ಳೇ ನೆಪ ಸಿಕ್ಕಿದೆ ಎಂದು.

ಅವತ್ತು ಸಂಜೆ ಹೊಸ ಹಾಡಿನ ಡ್ರಮ್ಮಿನ ಭಾಗವನ್ನು ವಾಯ್ಸ್ ಮೆಸೇಜ್ ಮಾಡಿ ಅವನೊಬ್ಬನಿಗೇ ಕಳಿಸಿದೆ. ನಾನು ವಾಯ್ಸ್ ಕಳಿಸುವವನಲ್ಲ. ಹಿಂದೆ ಕಳಿಸಿದ್ದು ಒಂದೇ ಸಲ, ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಾಗ. ಕಾರು ತಂದು ಅವಳನ್ನು ಆಸ್ಪತ್ರೆಗೆ ಸೇರಿಸಿದವನು ಅಬ್ಬಾಸನೇ. ನನ್ನಿಂದ ವಾಯ್ಸ್ ಬಂದರೆ ಅವನು ತಡಮಾಡುವುದಿಲ್ಲ — ಅದನ್ನೂ ಲೆಕ್ಕ ಹಾಕಿಯೇ ಕಳಿಸಿದ್ದೆ. ಕೇಳಿದೊಡನೆ ಮೆಸೇಜಿನ ಪಕ್ಕದ ಪುಟ್ಟ ಮೈಕಿನ ಗುರುತು ನೀಲಿಯಾಗುತ್ತದಲ್ಲ, ಅದು ನೀಲಿಯಾಯಿತು. ಅದರ ಚಿತ್ರವನ್ನು ಗ್ರೂಪಿಗೆ ಹಾಕಿ, ಇನ್ನು ಕೇಳಿಲ್ಲ ಅನ್ನುವ ಹಾಗಿಲ್ಲ, ಅಭಿಪ್ರಾಯ ಹೇಳಲಿ ಎಂದು ಬರೆದೆ. ಗೆದ್ದಷ್ಟು ಖುಷಿಯಾಗಿತ್ತು.

ನಡೆದದ್ದು ಮರುದಿನ ಮಂಜನಿಂದ ತಿಳಿಯಿತು. ಅಬ್ಬಾಸನ ಮನೆಯಲ್ಲಿ ಆಗ ಮಜ್ಲಿಸ್ ಇತ್ತಂತೆ — ಹಿರಿಯರೆಲ್ಲ ಸೇರಿ ಇಮಾಮ್ ಹುಸೇನರನ್ನು ನೆನೆದು ಅಳುವ ಕೂಟ. ಬಾಗಿಲ ಬಳಿ ಕೂತಿದ್ದ ಅಬ್ಬಾಸ ನನ್ನ ಹೆಸರು ಕಂಡು, ಅಮ್ಮನಿಗೆ ಮತ್ತೇನೋ ಆಗಿದೆ ಎಂದು ಗಾಬರಿಯಲ್ಲಿ ಒತ್ತಿದ್ದಾನೆ. ಆ ಅಳುವಿನ ನಡುವೆ ಡ್ರಮ್ಮು ಬಡಿದಿದೆ. ಅವರಪ್ಪ ಎಲ್ಲರೆದುರೂ ಅವನನ್ನು ಹೊರಗೆ ಹೋಗೆಂದರಂತೆ. ಶೋಕ ಮುಗಿಯುವ ತನಕ ಮಗನನ್ನು ಮಾತಾಡಿಸಲಿಲ್ಲ.

"ಮೊಹರಂ ಅಂತ ಗೊತ್ತಿರ್ಲಿಲ್ವೇನೋ ನಿಂಗೆ?" ಎಂದು ಮಂಜ ಕೇಳಿದ.

"ಮರ್ತೋಗಿತ್ತು ಕಣೋ."

ನಾಲಿಗೆ ತಡವರಿಸಲೂ ಇಲ್ಲ. ಅಬ್ಬಾಸನಿಗೂ ಅದನ್ನೇ ಹೇಳಿದೆ. ಅವನು, "ಬಿಡಪ್ಪ, ಮರ್ತೋಗುತ್ತೆ. ಅಮ್ಮ ಚೆನ್ನಾಗವ್ರಲ್ಲ, ಅಷ್ಟು ಸಾಕು" ಅಂದ.

ಶೋಕದ ದಿನಗಳು ಕಳೆದ ಮೇಲೆ ಅವನೇ ಫೋನ್ ಮಾಡಿ, ಮೂವರೂ ಕೂತು ಕೇಳೋಣ ಎಂದು ಆಲ್ಬಂ ಹಾಗೇ ಇಟ್ಟುಕೊಂಡಿದ್ದೇನೆ, ಯಾವತ್ತು ಬರ್ತೀರಿ ಎಂದು ಕೇಳಿದ. ಮೌಲ್ಯಮಾಪನ ಇದೆ ಎಂದು ತಪ್ಪಿಸಿಕೊಂಡೆ. ಪ್ರತಿ ವರ್ಷವೂ ಏನೋ ಒಂದು ಹೇಳುತ್ತ ಬಂದೆ. ಅವನು ಇವತ್ತಿಗೂ ಅದನ್ನು ಕೇಳಿಲ್ಲವಂತೆ. ನಿಜವಾಗಿಯೂ ಕೇಳಿಲ್ಲವೇ? ನನ್ನ ಸುಳ್ಳು ಗೊತ್ತಿದ್ದೂ ಸುಮ್ಮನಿದ್ದಾನೆಯೇ — ನೋಡಿ, ಈಗಲೂ ನನ್ನ ಅನುಮಾನ ಅವನ ಮೇಲೇ ಹೋಗುತ್ತದೆ. ನಾಚಿಕೆಯಾಗುತ್ತದೆ.

ಮೊನ್ನೆ ಮತ್ತೆ ಕರೆದಿದ್ದಾನೆ, ಭಾನುವಾರಕ್ಕೆ. ಮಂಜನೂ ಬರುತ್ತಾನೆ. ಈ ಸಲ ಒಪ್ಪಿಕೊಂಡಿದ್ದೇನೆ. ಒಂದು ವಾಯ್ಸ್ ಕಳಿಸಿ ಹೇಳಿ ಮುಗಿಸಬಹುದಿತ್ತು... ಬೇಡ. ಎದುರು ಕೂತು, ಹಾಡು ಹಾಕುವ ಮೊದಲೇ ಹೇಳುತ್ತೇನೆ — ನಾನು ಮರೆತಿರಲಿಲ್ಲ ಎಂದು. ಆಮೇಲೆ ಹಾಡು ಹಾಕುವುದೋ, ನನ್ನನ್ನು ಹೊರಗೆ ಹೋಗೆನ್ನುವುದೋ, ಅಬ್ಬಾಸನಿಗೆ ಬಿಟ್ಟದ್ದು.